ಗಾಲಿಮನೆಯೂ ಹೊನ್ನಾವರದ ಹಿನ್ನೀರೂ

ನಮ್ಮ ತಾಯಿಯವರು ಯಾವುದನ್ನೂ ಎರಡು ಸಲ ಕೇಳುವವರಲ್ಲ. ಕಳೆದ ಯುಗಾದಿಯ ದಿನ ಬೇವುಬೆಲ್ಲವನ್ನು ಬಾಯಿಗೆ ಹಾಕಿಕೊಂಡು, "ಹೊನ್ನಾವರಕ್ಕೆ ಒಂದು ಸಲ ಹೋಗಿ ಬರಬೇಕಿತ್ತು. ಅಕ್ಕನನ್ನು ನೋಡದೆ ಒಂಬತ್ತು ವರ್ಷವಾಯಿತು" ಎಂದರು. ಅಷ್ಟೆ. ಆಮೇಲೆ ಮಧ್ಯಾಹ್ನದ ಹೋಳಿಗೆಗೆ ತುಪ್ಪ ಸಾಕೇ ಸಾಲದೇ ಎಂಬ ವಿಚಾರಕ್ಕೆ ತಿರುಗಿದರು. ಅಕ್ಕನ ಮಾತು ಅಲ್ಲಿಗೆ ಮುಗಿಯಿತು. ಆದರೆ ನಮ್ಮ ಮನೆಯಲ್ಲಿ ಅಂದಿನಿಂದ ಇಂದಿನವರೆಗೆ ಬೇರೆ ಮಾತೇ ಇಲ್ಲ ಎಂದರೆ ಅತಿಶಯೋಕ್ತಿಯಲ್ಲ.

ಅಕ್ಕ ಎಂದರೆ ನಮ್ಮ ದೊಡ್ಡಮ್ಮ. ಅವರಿಗೆ ಎಂಬತ್ತೊಂದು, ತಾಯಿಯವರಿಗೆ ಎಪ್ಪತ್ತು. ನಡುವೆ ಹುಟ್ಟಿದವರು ಯಾರೂ ಈಗ ಉಳಿದಿಲ್ಲ. ಅಜ್ಜಿ ಬೇಗನೆ ತೀರಿಕೊಂಡದ್ದರಿಂದ ತಂಗಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವರು ಅಕ್ಕನೇ. ಈಗ ಪ್ರತಿ ಭಾನುವಾರ ಸಂಜೆ ಇಬ್ಬರೂ ಫೋನಿನಲ್ಲಿ ಮಾತನಾಡುತ್ತಾರೆ. ದೊಡ್ಡಮ್ಮನಿಗೆ ಕಿವಿ ಮಂದ. ಅವರು ಕೂಗುತ್ತಾರೆ, ಇವರೂ ಕೂಗುತ್ತಾರೆ. ನಮ್ಮ ಚಾಳಿನಂತಹ ಕಟ್ಟಡದಲ್ಲಿ ಮೂರು ಮಹಡಿಗೂ ಹೊನ್ನಾವರದ ಅಡಿಕೆಯ ಧಾರಣೆ ತಿಳಿದುಹೋಗುತ್ತದೆ.

"ರೈಲಿನಲ್ಲಿ ಕರೆದುಕೊಂಡು ಹೋಗಬಹುದಲ್ಲ?" ಎಂದು ವಾಚಕರು ಕೇಳುವುದು ಸಹಜ. ೧೯೯೮ರಲ್ಲಿ ಕೊಂಕಣ ರೈಲು ಪೂರ್ಣವಾಗಿ ತೆರೆದ ಮೇಲೆ ಹೊನ್ನಾವರಕ್ಕೆ ಹೋಗುವುದು ಒಂದು ರಾತ್ರಿಯ ಕೆಲಸ. ಆದರೆ ಎರಡು ವರ್ಷದ ಹಿಂದೆ ತಾಯಿಯವರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಶಸ್ತ್ರಕ್ರಿಯೆಯಾಗಿ ಕೋಲು ಹಿಡಿದು ಓಡಾಡುತ್ತಾರೆ. ಗಂಟೆಗೊಮ್ಮೆ ಬಚ್ಚಲಿಗೆ ಹೋಗಬೇಕು. ಓಡುವ ರೈಲಿನ ಬಚ್ಚಲಲ್ಲಿ, ನಡುರಾತ್ರಿಯಲ್ಲಿ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಿಡಿಕೆ! ಡಾಕ್ಟರರು ಖಂಡಿತ ಬೇಡವೆಂದರು. ಕಾರಿನಲ್ಲಿ ಮೂರು ದಿನ ಕಾಲು ಮಡಚಿಕೊಂಡು ಕೂಡ್ರುವುದೂ ಬೇಡವೆಂದರು. ವಿಮಾನ ಹೊನ್ನಾವರದಲ್ಲಿ ಇಳಿಯುವುದಿಲ್ಲ.

ಹೀಗಿರಲಾಗಿ ನಮಗೆ ದಾರಿ ತೋರಿಸಿದವಳು ಏಳನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗಳು. ಘೋಡ್‌ಬಂದರ್ ರಸ್ತೆಯಲ್ಲಿ ಚಿತ್ರೀಕರಣ ನಡೆಯುವಾಗ ನಟನಟಿಯರ ವ್ಯಾನಿಟಿ ವ್ಯಾನುಗಳು ಸಾಲಾಗಿ ನಿಂತುದನ್ನು ಅವಳು ನೋಡಿದ್ದಳು. "ಅಜ್ಜಿಯನ್ನು ಅದರಲ್ಲೇ ಕರೆದುಕೊಂಡು ಹೋಗೋಣ. ಅದರಲ್ಲಿ ಮಂಚವೂ ಇರುತ್ತದೆ, ಬಚ್ಚಲೂ ಇರುತ್ತದೆ" ಎಂದಳು. ನಾವು ನಕ್ಕೆವು. ಎರಡು ದಿನವಾದ ಮೇಲೆ ಕಲ್ಯಾಣದಿಂದ ಬರುವ ಲೋಕಲಿನಲ್ಲಿ ನೇತಾಡುತ್ತಿರುವಾಗ ನಗುವಂಥದೇನೂ ಅದರಲ್ಲಿಲ್ಲವೆಂದು ತೋರಿತು. ಪ್ರವಾಸಕ್ಕೆ ಇಂತಹ ವಾಹನಗಳು ಬಾಡಿಗೆಗೆ ಸಿಗುತ್ತವೆ, ಕ್ಯಾರವಾನ್ ಎನ್ನುತ್ತಾರೆ. ೨೦೨೧ರಲ್ಲಿ ಮಹಾರಾಷ್ಟ್ರ ಸರಕಾರ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿದೆ. ಅಮೆರಿಕದಲ್ಲಿ ನಿವೃತ್ತರಾದ ದಂಪತಿಗಳು ಇಂತಹ ವಾಹನದಲ್ಲಿ ಕುಳಿತು ತಿಂಗಳುಗಟ್ಟಲೆ ಊರೂರು ತಿರುಗುತ್ತಾರಂತೆ. ನಮ್ಮ ಕಡೆಯವರಿಗೂ ಇದು ಹೊಸದಲ್ಲ. ನಮ್ಮ ತಂದೆಯವರು ಧಾರವಾಡದ ಕಡೆಯವರು. ಸವದತ್ತಿ ಎಲ್ಲಮ್ಮನ ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು, ರೊಟ್ಟಿಯ ಬುತ್ತಿ, ಹಾಸಿಗೆ, ಅಜ್ಜಿ, ಕೈಗೂಸು ಸಮೇತ ಹೊರಟು, ದಾರಿಯಲ್ಲಿ ಎತ್ತು ಬಿಚ್ಚಿದಲ್ಲಿ ಅಡುಗೆ, ಬಂಡಿಯ ಕೆಳಗೆ ನಿದ್ದೆ. ಅದಕ್ಕೆ ಎಂಜಿನು ಇರಲಿಲ್ಲವೆಂಬುದೊಂದೇ ಕೊರತೆ. ನಾವು ಮನೆಯಲ್ಲಿ ಇದಕ್ಕೆ ಗಾಲಿಮನೆ ಎಂದು ಹೆಸರಿಟ್ಟೆವು.

ಸರಕಾರಿ ಗುಮಾಸ್ತನಾದವನು ಮೊದಲು ನೋಡುವುದು ನಿಯಮಾವಳಿಯನ್ನು. ಸ್ವಂತ ಊರಿಗೆ ಹೋಗಿ ಬರಲು ನಮಗೆ ರಜೆ ಪ್ರಯಾಣದ ಸವಲತ್ತು ಉಂಟು, ಅವಲಂಬಿತರಾದ ತಾಯಿಗೂ ಉಂಟು. ಆದರೆ ಖಾಸಗಿಯವರಿಂದ ಬಾಡಿಗೆಗೆ ಹಿಡಿದ ವಾಹನಕ್ಕೆ ಅದರಲ್ಲಿ ಸ್ಥಳವಿಲ್ಲ. ನಮ್ಮ ಮೇಲಿನ ಅಧಿಕಾರಿಗಳು ಕಡತದಿಂದ ತಲೆಯೆತ್ತದೆ, "ರೈಲಿನಲ್ಲಿ ಹೋಗಿ, ಚೀಟಿ ಲಗತ್ತಿಸಿ" ಎಂದರು. ಇತರರ ಅರ್ಜಿಗಳ ಮೇಲೆ ನಾವೂ ಎಷ್ಟೋ ಸಲ ಹಾಗೆಯೇ ಬರೆದವರು, ದೂರಲು ಬಾಯಿಲ್ಲ. ಬಾಡಿಗೆ ದಿನಕ್ಕೆ ಹನ್ನೊಂದು ಸಾವಿರ, ಚಾಲಕನ ಸಮೇತ. ಡೀಸೆಲ್ಲು, ಟೋಲು ಬೇರೆ. ಎಂಟು ದಿನದ ಲೆಕ್ಕ ಹಾಕಿ ನಾವು ಕಾಗದವನ್ನು ಮಡಚಿ ಕಿಸೆಗೆ ಇಟ್ಟುಕೊಂಡೆವು. ನಮ್ಮಾಕೆ ಆ ಕಾಗದವನ್ನು ಅಂಗಿ ಒಗೆಯುವಾಗ ಕಂಡು, ಏನೂ ಹೇಳದೆ, ತಮ್ಮ ಭಿಶಿಯ ಪಾಳಿಯನ್ನು ದೀಪಾವಳಿಯ ತಿಂಗಳಿಗೆ ಕೇಳಿ ಪಡೆದರು. ಪುಣೆಯಲ್ಲಿರುವ ತಮ್ಮ ಮೂರನೆಯ ಒಂದು ಪಾಲು ತಾನು ಕೊಡುವೆನೆಂದ. ಉಳಿದುದಕ್ಕೆ ಭವಿಷ್ಯ ನಿಧಿ ಇದೆ. ಭವಿಷ್ಯ ಎಂದರೆ ಇನ್ನೇನು?

ವಾಹನವನ್ನು ನೋಡಲು ಠಾಣೆಯ ಕಡೆ ಹೋದೆವು. ದೊಡ್ಡ ಟ್ರಾವೆಲರ್ ಗಾಡಿಯನ್ನೇ ಮನೆಯಾಗಿ ಮಾರ್ಪಡಿಸಿದ್ದಾರೆ. ಹಗಲು ಸೋಫಾ, ರಾತ್ರಿ ಮಂಚ. ಮೇಲೆ ಮಕ್ಕಳಿಗೆ ಎರಡು ಅಟ್ಟ. ಒಂದು ಮೂಲೆಯಲ್ಲಿ ಕರೆಂಟಿನ ಒಲೆ, ಕೈತೊಳೆಯುವ ಬೋಗುಣಿ. ಅದರ ಪಕ್ಕಕ್ಕೇ ಬಾಗಿಲು ತೆರೆದರೆ ಬಚ್ಚಲು. ಚಾವಣಿಯ ಮೇಲೆ ತಣ್ಣಗಿನ ಯಂತ್ರ. ಒಳ್ಳೆಯ ನೀರಿಗೆ ಒಂದು ತೊಟ್ಟಿ, ಹೊಲಸು ನೀರಿಗೆ ಇನ್ನೊಂದು. ಮೊದಲನೆಯದನ್ನು ದಿನಾಲು ತುಂಬಬೇಕು, ಎರಡನೆಯದನ್ನು ಬರಿದು ಮಾಡಬೇಕು. ರಾತ್ರಿ ತಣ್ಣಗಿನ ಯಂತ್ರ ನಡೆಯಬೇಕಾದರೆ ನಿಂತಲ್ಲಿ ಹೊರಗಿನ ಕರೆಂಟು ಬೇಕು. ಅಂದರೆ ಗಾಲಿಮನೆಗೂ ರಾತ್ರಿ ಒಂದು ಮನೆ ಬೇಕೆಂದಾಯಿತು. ಎಲ್ಲಿ ಬೇಕಾದಲ್ಲಿ ನಿಲ್ಲಿಸಿ ಮಲಗಬಹುದೆಂಬ ಚಿತ್ರಪಟದ ಮಾತನ್ನು ನಂಬಿ ಹೊರಡುವವರು ಇದನ್ನು ಗಮನಿಸಬೇಕು.

ತಾಯಿಯವರಿಗೆ ವಿವರಿಸಿದೆವು. ಎಲ್ಲವನ್ನೂ ಕೇಳಿ, "ಒಲೆಗೂ ಬಚ್ಚಲಿಗೂ ಒಂದು ಮೊಳ ಅಂತರವೇ?" ಎಂದರು. ಆ ಗಾಡಿಯಲ್ಲಿ ಒಲೆ ಹಚ್ಚಕೂಡದೆಂಬ ಷರತ್ತಿನ ಮೇಲೆ ಒಪ್ಪಿದರು. ಒಂದು ಭಾನುವಾರ ಬಾಡಿಗೆಯವರು ಗಾಡಿಯನ್ನು ನಮ್ಮ ಕಟ್ಟಡದ ಮುಂದೆಯೇ ತಂದು ತೋರಿಸಿದರು. ಚೋಳ ಪವರ್ ಹೌಸು ರೈಲ್ವೆಗೆ ಕರೆಂಟು ಒದಗಿಸುತ್ತಿದ್ದ ಕಾಲದಿಂದ ಠಾಕುರ್ಲಿಯಲ್ಲಿರುವ ಹಿರಿಯರೂ ಇಂತಹ ಗಾಡಿಯನ್ನು ನೋಡಿರಲಿಲ್ಲ. ಮೇಲಿನ ಮನೆಯ ಮರಾಠಿ ಕಾಕು, "ಮನೆ ಖಾಲಿ ಮಾಡುತ್ತೀರಾ, ಇಲ್ಲವೇ ಮನೆಯನ್ನೇ ಒಯ್ಯುತ್ತೀರಾ?" ಎಂದು ವಿಚಾರಿಸಿದರು. ಎಲ್ಲರ ಎದುರಿಗೆ ತಾಯಿಯವರು ಕೋಲೂರಿ ಬಂದು ಬಾಗಿಲ ಬಳಿ ನಿಂತರು. ಮೆಟ್ಟಿಲು ನೆಲದಿಂದ ಒಂದೂವರೆ ಅಡಿ ಎತ್ತರ. ಅವರ ಕಾಲು ಏಳುವುದು ಅರ್ಧ ಅಡಿ. ನಾವೂ ಚಾಲಕನೂ ತೋಳು ಹಿಡಿದೆವು, ಆಗಲಿಲ್ಲ. ಅವರು ತಿರುಗಿ ಮೆಲ್ಲಗೆ ಮನೆಯೊಳಗೆ ಹೋಗಿ ದೇವರ ಮುಂದೆ ಕುಳಿತರು. ಜನರೆದುರಿಗೆ ಆದ ಆ ಅಪಮಾನ ನಮ್ಮ ತಪ್ಪಿನಿಂದ ಆದದ್ದು. ಮೊದಲೇ ಅಳೆದು ನೋಡಬೇಕಿತ್ತು. ಮರುದಿನವೇ ಬಡಗಿಯವರಿಂದ ಅಗಲವಾದ ಎರಡು ಮರದ ಮಣೆಗಳನ್ನು ಮಾಡಿಸಿದೆವು, ಒಂದರ ಮೇಲೊಂದು ಮೆಟ್ಟಿಲಾಗುವಂತೆ, ಎರಡೂ ಕಡೆ ಹಿಡಿಕೆ ಸಮೇತ. ಮನೆಯಲ್ಲಿಯೇ ಅಟ್ಟದ ಪೆಟ್ಟಿಗೆಯೆದುರಿಗೆ ಅದನ್ನಿಟ್ಟು ತಾಯಿಯವರು ದಿನಾ ಬೆಳಿಗ್ಗೆ ಹತ್ತು ಸಲ ಹತ್ತಿಳಿಯುತ್ತಾರೆ. ಮಗ ಎಣಿಸುತ್ತಾನೆ.

ಇನ್ನು ದಾರಿಯ ಮಾತು. ಘಟ್ಟದ ಮೇಲೆ ಹೋದರೆ ಪುಣೆ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ ಮೂಲಕ ಒಳ್ಳೆಯ ರಸ್ತೆ. ಆದರೆ ಕೊನೆಗೆ ಯಲ್ಲಾಪುರದಾಚೆ ಅರಬೈಲು ಘಟ್ಟವನ್ನು ತಿರುವು ತಿರುವಾಗಿ ಇಳಿದು ಅಂಕೋಲೆಗೆ ಬರಬೇಕು. ಕೆಳಗಿನ ದಾರಿ ಪನವೇಲಿನಿಂದ ಸಮುದ್ರದ ಸೆರಗು ಹಿಡಿದು ಸಾಗುವ ಅರುವತ್ತಾರನೆಯ ಹೆದ್ದಾರಿ, ಹಿಂದೆ ಹದಿನೇಳನೆಯದೆಂದು ಕರೆಯುತ್ತಿದ್ದುದು. ಹತ್ತು ವರ್ಷಕ್ಕೂ ಮೀರಿ ಅಗಲವಾಗುತ್ತಲೇ ಇರುವ ರಸ್ತೆ ಅದು. ಠಾಣೆ ಜಿಲ್ಲೆಯ ಕೊಂಕಣಿಗರೆದುರು ಅದರ ಹೆಸರೆತ್ತಿದರೆ ಅರ್ಧ ಗಂಟೆಯ ಭಾಷಣ ನಿಶ್ಚಿತ. ಆದರೂ ಕಶೇಡಿ ಘಾಟದಲ್ಲಿ ಈಗ ಸುರಂಗವಾಗಿದೆ, ಗೋವೆಯಲ್ಲಿ ಮಾಂಡವಿ ಮತ್ತು ಜುವಾರಿಗಳಿಗೆ ಹೊಸ ಸೇತುವೆಗಳಾಗಿವೆ. ಒಟ್ಟು ಏಳುನೂರು ಕಿಲೋಮೀಟರಿನಷ್ಟು. ತಾಯಿಯವರಿಗೆ ದಿನಕ್ಕೆ ಇನ್ನೂರೈವತ್ತಕ್ಕಿಂತ ಹೆಚ್ಚು ಕೂಡದು. ಆದುದರಿಂದ ಮೊದಲ ರಾತ್ರಿ ಚಿಪ್ಳೂಣ, ಎರಡನೆಯದು ಸಾವಂತವಾಡಿ, ಮೂರನೆಯ ದಿನ ಗೋವೆ ದಾಟಿ ಕಾರವಾರ, ಅಂಕೋಲೆ, ಕುಮಟೆ, ಹೊನ್ನಾವರ. ಇದನ್ನೇ ಆರಿಸಿದೆವು.

ಮಳೆಗಾಲದಲ್ಲಿ ಮಾತ್ರ ಖಂಡಿತ ಇಲ್ಲ. ೨೦೨೪ರ ಜುಲೈ ೧೬ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ್ದು ಎಲ್ಲರಿಗೂ ನೆನಪಿರಬೇಕು. ಮೂರು ವಾರ ಕಳೆದಿತ್ತಷ್ಟೆ, ಆಗಸ್ಟ್ ೭ರ ನಡುರಾತ್ರಿ ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಮುರಿದು ಒಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಬಂದದ್ದು ದೇವರ ದಯೆ. ಹೊಸ ಸೇತುವೆ ಪಕ್ಕದಲ್ಲಿಯೇ ಇದ್ದುದರಿಂದ ದಾರಿ ಉಳಿಯಿತು.

ನಮ್ಮ ಅಜ್ಜನವರ ಕಾಲದಲ್ಲಿ ಈ ಸೇತುವೆಗಳ ಗೋಜೇ ಇರಲಿಲ್ಲ. ಮುಂಬಯಿಯಿಂದ ಕರಾವಳಿಯ ಬಂದರುಗಳಿಗೆ ಆಗಬೋಟು ಹೋಗುತ್ತಿತ್ತು. ಮಳೆಗಾಲ ಬಂದರೆ ನಿಲ್ಲುತ್ತಿತ್ತು. ಅಜ್ಜ ಅದರಲ್ಲಿ ಹೋಗಿ ಬಂದವರು. ನಮ್ಮ ಮಕ್ಕಳಿಗೆ ಹೇಳಿದರೆ ನಂಬರು, ಅಜ್ಜನಿಗೆ ಮುಂಬಯಿ ಪರರಾಜ್ಯವಾಗಿರಲಿಲ್ಲ. ೧೮೬೨ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಿದ ಮೇಲೆ, ೧೯೫೬ರ ನವೆಂಬರ ೧ರ ವರೆಗೂ ಹೊನ್ನಾವರದವರಿಗೆ ಮುಂಬಯಿಯೇ ರಾಜಧಾನಿ. ಅವರು ದೇಶ ಬಿಟ್ಟು ಬಂದವರಲ್ಲ, ತಮ್ಮ ಪ್ರಾಂತದ ದೊಡ್ಡ ಊರಿಗೆ ಬಂದವರು. ತಾಯಿಯವರು ಮದುವೆಯಾಗಿ ಬಂದದ್ದು ೧೯೭೯ರಲ್ಲಿ. ಆಗ ಆಗಬೋಟೂ ಇಲ್ಲ, ಕೊಂಕಣ ರೈಲೂ ಇಲ್ಲ; ಬಸ್ಸಿನಲ್ಲಿ ಹುಬ್ಬಳ್ಳಿ, ಅಲ್ಲಿಂದ ಸಣ್ಣ ಗಾಡಿಯಲ್ಲಿ ಮಿರಜ, ಮಿರಜದಲ್ಲಿ ದೊಡ್ಡ ಗಾಡಿಗೆ ಬದಲಾಯಿಸಿ ಕಲ್ಯಾಣ. ಮಿರಜದ ಪ್ಲಾಟ್‌ಫಾರ್ಮಿನ ಮೇಲೆ ಟ್ರಂಕಿನ ಮೇಲೆ ಕುಳಿತು ಅತ್ತೆವೆಂದು ಈಗಲೂ ಹೇಳಿ ನಗುತ್ತಾರೆ.

ಹೊನ್ನಾವರವನ್ನು ನೋಡದವರಿಗೆ ಎರಡು ಮಾತು. ಜೋಗದಲ್ಲಿ ಧುಮುಕಿದ ಶರಾವತಿ ಗೇರುಸೊಪ್ಪೆಯ ಬಳಿ ಬಯಲಿಗೆ ಬಂದು, ಕಡಲು ಸೇರುವ ಮುನ್ನ ಅವಸರವೇನಿದೆ ಎನ್ನುವಂತೆ ಹರಡಿಕೊಳ್ಳುತ್ತದೆ. ನಡುನಡುವೆ ತೆಂಗಿನ ಮರ ತುಂಬಿದ ಕುರ್ವೆಗಳು. ೧೮೦೧ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಈ ನೀರನ್ನು ಸರೋವರವೆಂದೇ ಕರೆದಿದ್ದಾನೆ; ತಪ್ಪೇನಿಲ್ಲ. ಅದರ ದಂಡೆಯ ಮೇಲಿನ ಈ ಸಣ್ಣ ಬಂದರು ಒಂದು ಕಾಲಕ್ಕೆ ಸಣ್ಣದಾಗಿರಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಇಲ್ಲಿ ಹುಡುಗಿಯರಿಗೆ ೧೩, ಹುಡುಗರಿಗೆ ೨೩ ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೆಣಸು ಕಡಲಿಗಿಳಿದದ್ದು ಈ ನದಿಯ ದಾರಿಯಾಗಿ. ಪೋರ್ಚುಗೀಜರು ಅವಳನ್ನು ಮೆಣಸಿನ ರಾಣಿ ಎಂದರು. ೧೬೨೩ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಗೆ ಹೋಗುವಾಗ ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ದೋಣಿಯಲ್ಲಿ ಸಾಗಿ, ತಾನು ಕಂಡ ಚೆಲುವಾದ ನದಿಗಳಲ್ಲಿ ಇದೊಂದೆಂದು ಮನಸಾರೆ ಹೊಗಳಿದ. ನಾವು ಠಾಕುರ್ಲಿಯವರೂ ಬಂದರದವರೇ ಎನ್ನಿ. ನೆರೆಯ ಕಲ್ಯಾಣ ಒಂದನೆಯ ಶತಮಾನದಲ್ಲಿಯೇ ಗ್ರೀಕ್ ನಾವಿಕರಿಗೆ ಗೊತ್ತಿದ್ದ ರೇವು. ಆದರೆ ದುರ್ಗಾಡಿಯ ಕೆಳಗಿನ ಖಾಡಿಯನ್ನು ನೋಡಿ ಯಾರಿಗೂ ಹೊಗಳುವ ಮನಸ್ಸು ಈಗ ಬಾರದು.

ಮೆಟ್ಟಿಲಿನಿಂದ ಬುದ್ಧಿ ಕಲಿತಿದ್ದ ನಾವು, ಊರಿನಲ್ಲಿ ಗಾಡಿ ಎಲ್ಲಿಯವರೆಗೆ ಹೋಗುತ್ತದೆಂಬುದನ್ನು ಕಣ್ಣಾರೆ ನೋಡಿ ಬರುವುದೇ ಲೇಸೆಂದು, ಶನಿವಾರಕ್ಕೆ ಒಂದು ರಜೆ ಹಾಕಿ ನಾವೊಬ್ಬರೇ ರೈಲು ಹತ್ತಿದೆವು. ಬೆಳಗಿನ ಜಾವ ಹೊನ್ನಾವರ. ದೊಡ್ಡಮ್ಮನ ಮಗ, ನಮಗೆ ಅಣ್ಣನಾಗಬೇಕು, ಮೋಟಾರು ಸೈಕಲ್ಲು ತಂದಿದ್ದರು. ಅವರ ಮನೆ ಪೇಟೆಯಿಂದ ನಾಲ್ಕು ಮೈಲು ಒಳಗೆ, ಗೇರುಸೊಪ್ಪೆಯ ದಾರಿಯಲ್ಲಿ, ನೀರಿನ ದಂಡೆಯ ಮೇಲೆ. ಡಾಂಬರು ರಸ್ತೆ ಬಿಟ್ಟು ಕೇರಿಗೆ ತಿರುಗುವಲ್ಲಿ ಅಣ್ಣ ಗಾಡಿ ನಿಲ್ಲಿಸಿ, "ಈಗ ಅಳೆಯುವಾ" ಎಂದರು. ಅಡಿಕೆ ಕೊಯ್ಯುವ ದೋಟಿಯನ್ನು ಅವರು ಮೊದಲೇ ತಂದಿಟ್ಟಿದ್ದರು. ಹತ್ತು ಅಡಿಗೆ ಕೆಂಪು ದಾರ ಕಟ್ಟಿ ಅದನ್ನು ನೆಟ್ಟಗೆ ಹಿಡಿದುಕೊಂಡು ಅವರು ಮುಂದೆ, ಟೇಪು ಹಿಡಿದುಕೊಂಡು ನಾವು ಹಿಂದೆ. ಕೇರಿಯ ಮಕ್ಕಳು ನಮ್ಮ ಹಿಂದೆ. ತೆಂಗಿನ ಹೆಡೆಗಳನ್ನು ಕಡಿಯಬಹುದು, ಕರೆಂಟಿನ ತಂತಿಯನ್ನು ಏನು ಮಾಡುವುದು? ಎರಡೂ ಕಡೆ ಚಿರೆಕಲ್ಲಿನ ಪಾಗಾರ. ನಡುವೆ ಏಳು ಅಡಿ. ಗಾಡಿಯ ಅಗಲ ಆರೂವರೆ. ನೆಟ್ಟಗಿದ್ದರೆ ಹೇಗೋ ನುಗ್ಗೀತು. ಆದರೆ ದಾರಿ ಎರಡು ಕಡೆ ಮುರಿದು ತಿರುಗುತ್ತದೆ. ಅದೂ ಹೋಗಲಿ ಎಂದು ಮುಂದೆ ಹೋದರೆ ಹಳ್ಳಕ್ಕೆ ಕಲ್ಲುಚಪ್ಪಡಿಯ ಒಂದು ಸಂಕ. ಅದರ ಮೇಲೆ ರಿಕ್ಷಾ ಸಹ ಹೋಗುವುದಿಲ್ಲ. ನಮ್ಮ ಗಾಲಿಮನೆಯ ತೂಕ ನಾಲ್ಕು ಟನ್ನಿನ ಹತ್ತಿರ. ಅಣ್ಣ ದೋಟಿಯನ್ನು ಪಾಗಾರಕ್ಕೆ ಒರಗಿಸಿದರು. ಸಂಕದಿಂದ ಮನೆಗೆ ಎರಡು ಫರ್ಲಾಂಗು ಏರುತಗ್ಗಿನ ಕಾಲುದಾರಿ.

ಉಣಗೋಲು ಸರಿಸಿ ಅಂಗಳಕ್ಕೆ ಕಾಲಿಟ್ಟಾಗ ದೊಡ್ಡಮ್ಮ ಜಗುಲಿಯ ಮೇಲೆ ಕವಳದ ತಟ್ಟೆಯೊಂದಿಗೆ ಕುಳಿತಿದ್ದರು. ಒಣಗಿದ ಕಡ್ಡಿಯಂತಾಗಿದ್ದಾರೆ, ಆದರೆ ಬೆನ್ನು ನೆಟ್ಟಗಿದೆ. ದೊಡ್ಡಪ್ಪನವರು ತೀರಿಹೋಗಿ ಮೂರು ವರ್ಷ. ಅಂದಿನಿಂದ ಅವರು ಅಂಗಳ ದಾಟಿದವರಲ್ಲ. ಡಾಕ್ಟರರೇ ಮನೆಗೆ ಬರುತ್ತಾರೆ, ಮೊಮ್ಮಗನ ಉಪನಯನಕ್ಕೂ ಹೋಗಲಿಲ್ಲ. ನಮ್ಮನ್ನು ಗುರುತಿಸಲು ಒಂದು ಕ್ಷಣ ಹಿಡಿಯಿತು. ಆಮೇಲೆ ನಮ್ಮ ಬೆನ್ನ ಹಿಂದೆ ದಾರಿಯತ್ತ ನೋಡಿ, "ಅವಳೆಲ್ಲಿ?" ಎಂದರು. ಒಂದು ತಿಂಗಳ ಮುಂಚೆಯೇ ಕರೆದುತಂದೆವೆಂದು ತಿಳಿದುಕೊಂಡಿದ್ದರು! ಅತ್ತಿಗೆ ತೆಳ್ಳೇವು ಎರೆದು ಹಾಕಿದರು, ಅಪ್ಪೆಹುಳಿ ಬಡಿಸಿದರು. ನಮಗೆ ಗಂಟಲಿನಲ್ಲಿ ಇಳಿಯಲಿಲ್ಲ. ಮಧ್ಯಾಹ್ನ ತೋಟದ ಹಿಂದೆ ನೀರಿನವರೆಗೆ ನಡೆದೆವು, ಮನೆಯಿಂದ ನಾಲ್ವತ್ತು ಹೆಜ್ಜೆ. ಕಲ್ಲಿನ ನಾಲ್ಕು ಮೆಟ್ಟಿಲು, ಒಂದು ಹಳೆಯ ದೋಣಿ. ಆಚೆ ದಡ ಹಸುರು ಗೆರೆಯಂತೆ. ನೀರು ಅಲುಗಾಡದೆ, ಬೆಳಕನ್ನೆಲ್ಲ ನುಂಗಿಕೊಂಡು ಮಲಗಿತ್ತು. ದೂರದಲ್ಲಿ ಸುಮಾರು ಎರಡು ಕಿಲೋಮೀಟರು ಉದ್ದದ ರೈಲು ಸೇತುವೆಯ ಮೇಲೆ ಗಾಡಿಯೊಂದು ಆಟದ ಸಾಮಾನಿನಂತೆ ಹೋಗುತ್ತಿರಬೇಕು. ಸದ್ದು ಮಾತ್ರ ಕೇಳಿಸಿತು. ಆ ಹೊತ್ತಿನಲ್ಲಿ ನಮಗೇನೂ ಹೊಳೆಯಲಿಲ್ಲವೆಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇವೆ. ನೋಟ ಚೆನ್ನಾಗಿದೆ ಎಂದುಕೊಂಡು ಹಿಂದಿರುಗಿದೆವು.

ಠಾಕುರ್ಲಿಗೆ ಬಂದು ಇದ್ದುದನ್ನು ಇದ್ದಂತೆ ಹೇಳಿದೆವು. ಸಂಕದಿಂದ ಮನೆಯವರೆಗೆ ಕುರ್ಚಿಯಲ್ಲಿ ಕೂಡ್ರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗಬಹುದೆಂದು ಅಣ್ಣ ಹೇಳಿದ್ದನ್ನೂ ಹೇಳಿದೆವು. ತಾಯಿಯವರು, "ನಾಲ್ಕು ಜನ ಹೊರುವುದು ಒಂದು ಸಲ ಸಾಕು. ಎರಡು ಸಲ ಬೇಡ" ಎಂದರು. ದೋಣಿಯಲ್ಲಿ? ಅಲುಗುವ ದೋಣಿಗೆ ಕಾಲು ತಗ್ಗಿಸಿ ಇಳಿಯುವುದು ಆ ತೊಡೆಯಿಂದ ಆಗದ ಮಾತು. ಡಾಕ್ಟರರನ್ನು ಕೇಳುವುದೂ ಬೇಕಿರಲಿಲ್ಲ. "ಅಕ್ಕನ ಜಗುಲಿಯವರೆಗೆ ಹೋಗಲಾಗದಿದ್ದರೆ ರಸ್ತೆಯ ಮೇಲೆ ನಿಂತು ಬರಲು ಒಂದು ಲಕ್ಷ ರೂಪಾಯಿ ಏಕೆ ಸುಡುತ್ತೀ? ಬಿಡು" ಎಂದರು. ಮರುದಿನ ಬೆಳಿಗ್ಗೆ ಮಣೆಯನ್ನು ಹತ್ತಲಿಲ್ಲ. ಮಗ ಬಂದು ಎಣಿಸಲು ನಿಂತವನು ಸುಮ್ಮನೆ ಹೋದ. ಕೊಟ್ಟ ಮುಂಗಡ ಹಿಂದಕ್ಕೆ ಬರುವಂತಿರಲಿಲ್ಲ. ಆದರೆ ಮುಂಗಡದ ಚಿಂತೆ ಯಾರಿಗೂ ಇರಲಿಲ್ಲ.

ಭಾನುವಾರ ಬಂತು. ಫೋನು ಎಂದಿನಂತೆ. ತಾಯಿಯವರು ಈ ಮಾತನ್ನು ಎತ್ತದೆ ಮೊಸರು ಹುಳಿಯಾದದ್ದರ ಬಗ್ಗೆ ಹೇಳುತ್ತಿದ್ದರು. ಆಚೆಯಿಂದ ದೊಡ್ಡಮ್ಮನ ಧ್ವನಿ ನಮಗೆಲ್ಲ ಕೇಳಿಸಿತು: "ನಿನ್ನ ಗಾಡಿ ಬಂದರದ ಹತ್ತಿರ ನಿಲ್ಲುತ್ತದೆಯೇನೇ?" ಇವರು, "ಯಾಕೆ?" ಎಂದರು. "ನಾನೇ ಬರುತ್ತೇನೆ. ದೋಣಿಯಲ್ಲಿ. ನಮ್ಮ ಮೆಟ್ಟಿಲಲ್ಲಿ ಕೂತರೆ ಅಲ್ಲಿ ಇಳಿಯುವುದು. ನಾನು ಮದುವೆಯಾಗಿ ಈ ಮನೆಗೆ ಬಂದದ್ದು ಎಂಥದರಲ್ಲಿ, ಮರೆತೆಯಾ?" ತಾಯಿಯವರು ಬಹಳ ಹೊತ್ತು ಮಾತನಾಡಲಿಲ್ಲ. "ಅಂಗಳ ದಾಟುತ್ತೀಯಾ?" ಎಂದು ಕೇಳಿದರು. ಈ ಸಲ ಕೂಗಿ ಕೇಳಲಿಲ್ಲ. ಆದರೂ ದೊಡ್ಡಮ್ಮನಿಗೆ ಕೇಳಿಸಿತು. "ನೀನು ಇನ್ನೂರು ಹರದಾರಿ ದಾಟುತ್ತೀಯಲ್ಲ" ಎಂದರು.

ಅಲ್ಲಿಂದ ಮುಂದೆ ಯೋಜನೆಯ ಕಾರಭಾರವೆಲ್ಲ ಆ ಇಬ್ಬರದೇ. ಅಣ್ಣನ ಸ್ನೇಹಿತರೊಬ್ಬರಿಗೆ ಪೇಟೆಯಂಚಿನಲ್ಲಿ, ನೀರಿಗೆ ತಗುಲಿಕೊಂಡೇ, ಹಂಚಿನ ಗೋದಾಮು ಇದೆ. ಲಾರಿ ತಿರುಗುವ ಅಂಗಳ, ನಲ್ಲಿ, ಕರೆಂಟು, ದ್ವಾರದಲ್ಲಿ ಕಾವಲಿನವರು. ಗಾಲಿಮನೆ ಅಲ್ಲಿ ಎರಡು ರಾತ್ರಿ ನಿಲ್ಲುವುದು. ದೊಡ್ಡಮ್ಮ ಎರಡು ರಾತ್ರಿಯೂ ಅದರಲ್ಲಿಯೇ ಮಲಗುತ್ತಾರೆ. ಸೋಫಾ ಮಂಚವಾಗುವುದು ಅವರಿಬ್ಬರಿಗೆ. ನಾವೂ ಮಕ್ಕಳೂ ಅಣ್ಣನ ಮನೆಗೆ. ಊಟ ಅತ್ತಿಗೆಯವರ ಕೈಯಿಂದ, ಅದೇ ದೋಣಿಯಲ್ಲಿ ಬರುವುದು. ಒಲೆಯ ಷರತ್ತೂ ಉಳಿಯಿತು.

ದಿನವನ್ನು ಗೊತ್ತುಮಾಡಿದ್ದು ಪಂಚಾಂಗ ನೋಡಿ, ಆದರೆ ಮುಹೂರ್ತಕ್ಕಾಗಿ ಅಲ್ಲ. ಇಳಿತದ ಹೊತ್ತಿನಲ್ಲಿ ಗೋದಾಮಿನ ದಂಡೆಯ ಮುಂದೆ ಕೆಸರು ತೆರೆದುಕೊಳ್ಳುತ್ತದೆ. ದೋಣಿ ಕಟ್ಟೆಗೆ ಹತ್ತಬೇಕಾದರೆ ಭರತದ ನೀರು ಬೇಕು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ನೀರು ಹೆಚ್ಚು ಏರುತ್ತದೆ, ನಡುಹಗಲಿನ ಆಚೀಚೆ ತುಂಬುತ್ತದೆ. ಮುಂದೆ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿ ಭರತದ ಗಂಟೆಯನ್ನು ಹೇಳುವ ಲೆಕ್ಕ ಕೊಂಕಣದ ಮೀನುಗಾರರಿಗೆ ಬಾಯಿಪಾಠ. ಮೂವತ್ತು ವರ್ಷ ಕಡತಗಳನ್ನು ತಿರುವಿದರೂ ನಮಗೆ ಇಂತಹ ಉಪಯುಕ್ತ ಲೆಕ್ಕ ಕಲಿಯುವ ಯೋಗ ಬರಲಾರದು. ಬರುವ ಕಾರ್ತಿಕ ಹುಣ್ಣಿಮೆಯ ಹಗಲು ಹನ್ನೆರಡರ ಸುಮಾರಿಗೆ ದೋಣಿ ಬರುವುದೆಂದು ಅಣ್ಣ ಗೊತ್ತುಪಡಿಸಿದ್ದಾರೆ. ನಾವು ಹಿಂದಿನ ಸಂಜೆಯೇ ಹೊನ್ನಾವರ ಮುಟ್ಟಿರಬೇಕು. ಆದುದರಿಂದ ತ್ರಯೋದಶಿಯ ರಾತ್ರಿ ಸಾವಂತವಾಡಿ, ದ್ವಾದಶಿಯ ರಾತ್ರಿ ಚಿಪ್ಳೂಣ, ದ್ವಾದಶಿಯ ಬೆಳಿಗ್ಗೆ ತುಳಸೀಪೂಜೆ ಮುಗಿಸಿ ಠಾಕುರ್ಲಿ ಬಿಡುವುದು.

ಒಂದು ತೊಡಕು ಉಳಿದಿದೆ. ಚಿಪ್ಳೂಣದಲ್ಲಿಯೂ ಸಾವಂತವಾಡಿಯಲ್ಲಿಯೂ ಇಂತಹ ಗಾಡಿಯನ್ನು ರಾತ್ರಿ ನಿಲ್ಲಿಸಲು ನೀರು, ಕರೆಂಟು ಇರುವ ಸುರಕ್ಷಿತವಾದ ಅಂಗಳ ನಮಗಿನ್ನೂ ಗೊತ್ತಾಗಿಲ್ಲ. ಸಂಘದ ಬಂಧುಗಳಲ್ಲಿ ಆ ಕಡೆ ನಂಟರಿಷ್ಟರು ಉಳ್ಳವರು ಯಾರಾದರೂ ಇದ್ದರೆ ಮಾಸಿಕ ಸಭೆಯಲ್ಲಿ ನಮ್ಮನ್ನು ಕಂಡು ತಿಳಿಸಬೇಕೆಂದು ವಿನಂತಿ. ಹೊಲಸು ನೀರಿನ ತೊಟ್ಟಿಯನ್ನು ಅವರ ಅಂಗಳದಲ್ಲಿ ಬರಿದು ಮಾಡುವುದಿಲ್ಲವೆಂದು ಮೊದಲೇ ಮಾತು ಕೊಡುತ್ತೇವೆ.

ತಾಯಿಯವರು ಈಗ ಮಣೆಯನ್ನು ದಿನಕ್ಕೆ ಇಪ್ಪತ್ತು ಸಲ ಹತ್ತುತ್ತಾರೆ. ನಿನ್ನೆ ಕಚೇರಿಗೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ, "ನಡುಹಗಲಿನಲ್ಲಿ ನೀರಿನ ಮೇಲೆ ಬಿಸಿಲು ಸುಡುತ್ತದೆ. ಅಕ್ಕ ಬರುವಾಗ ಕೊಡೆ ಹಿಡಿಯಲು ಒಬ್ಬರನ್ನು ದೋಣಿಯಲ್ಲಿ ಕೂಡ್ರಿಸಬೇಕೆಂದು ನಿಮ್ಮಣ್ಣನಿಗೆ ಹೇಳು" ಎಂದರು. ಸಂಜೆ ಬಂದ ಕೂಡಲೇ, ಹೇಳಿದೆಯಾ ಎಂದು ಮತ್ತೆ ಕೇಳಿದರು.